ಯಾವುದಕ್ಕೂ ಇರಲಿ

ಗ್ಯಾರೇಜಿನ ಹಳೆಯ ಸ್ಪ್ಯಾನರಿಗೆ, ಅಳತೆ ನೋಡಿ ಬಿಗಿಯುವ ಹೊಸ ಟಾರ್ಕ್ ರೆಂಚಿನ ಮೇಲೆ ಮೊದಲಿನಿಂದಲೂ ಅನುಮಾನ. ಒಂದು ದಿನ ಅದು ಕಾರಿನ ಚಕ್ರದ ಬೋಲ್ಟನ್ನು ಬಿಗಿಯುತ್ತಾ ‘ಟಕ್’ ಎಂದು ನಿಂತಿತು.

“ಯಾಕಯ್ಯಾ, ಸುಸ್ತಾಯಿತೋ?” ಎಂದಿತು ಸ್ಪ್ಯಾನರ್.

“ನನಗಲ್ಲ, ಬೋಲ್ಟಿಗೆ ಇಷ್ಟೇ ಸಾಕು.”

“ಹಾಗಂತ ಅದು ನಿನ್ನ ಕಿವಿಯಲ್ಲಿ ಹೇಳಿತೋ? ನೀವಿಬ್ಬರೂ ಸೇರಿ ಏನೋ ಮುಚ್ಚಿಡುತ್ತಿದ್ದೀರಿ.”

“ಅಣ್ಣಾ, ನಿಜವಾಗಿಯೂ ಸಾಕು,” ಎಂದು ಬೋಲ್ಟು ಅಂಗಲಾಚಿತು.

“ಕೇಳದೆಯೇ ಸಾಕೆನ್ನುವವರನ್ನು ನಾನು ನಂಬುವುದಿಲ್ಲ,” ಎಂದ ಸ್ಪ್ಯಾನರ್, ಬಲ ಹೆಚ್ಚಿಸಲು ಹಿಡಿಗೆ ಉದ್ದನೆಯ ಪೈಪು ತೊಟ್ಟುಕೊಂಡು, ಯಾವುದಕ್ಕೂ ಇರಲಿ ಎಂದು ಇನ್ನೊಂದು ಸುತ್ತು ತಿರುಗಿಸಿತು.

ಬೋಲ್ಟಿನ ಕತ್ತು ಮುರಿದು ತಲೆ ನೆಲಕ್ಕೆ ಉರುಳಿತು.

ಸ್ಪ್ಯಾನರ್ ಟಾರ್ಕ್ ರೆಂಚಿನತ್ತ ತಿರುಗಿತು: “ನೋಡಿದೆಯಾ? ಇದು ಗಟ್ಟಿಯಿಲ್ಲವೆಂದು ನನಗೆ ಆಗಲೇ ಅನುಮಾನವಿತ್ತು!”