ಹನ್ನೆರಡನೆಯ ತೊಲೆ

"ಕೇಳ್ರಪ್ಪೋ ಕೇಳ್ರಿ. ಸುಟ್ಟ ಓಲಗಶಾಲಿ ತೊಲಿ ಬಿದ್ದು ಯುವರಾಜರು ತೀರಿಕೊಂಡು ಇವತ್ತಿಗೆ ಹದಿನಾರು ದಿನ. ದೊರಿಗಳು ಮೂರು ಒಗಟು ಕೇಳ್ತಾರ. ಉತ್ತರ ಹೇಳಿದರ ಸಾಲದು, ಕಣ್ಣಿಗೆ ಕಾಣಂಗ ತೋರಿಸಬೇಕು. ಮೂರನ್ನೂ ಬಿಡಿಸಿದವರು ಬೇಡಿದ್ದು ಸಿಗತೈತಿ. ಒಂದು ತಪ್ಪಿದರೂ ತಲಿ ಹೋಗತೈತಿ. ಯಾರೂ ಬಿಡಿಸದಿದ್ದರ ಅಮಾಸಿಗೆ ಶಾಲಿ ಕಟ್ಟಿದ ಮೇಸ್ತ್ರಿಗೆ ಗಲ್ಲು."

ಡಂಗುರದವನು ಹೀಗೆ ಸಾರುತ್ತ ಓಣಿಗೆ ಬಂದಾಗ ಹುಲಿಗೆವ್ವ ನೀರಿನ ತೊಟ್ಟಿಯ ಮುಂದೆ ಕೂತಿದ್ದಳು. ಗಲ್ಲಿಗೆ ಹೋಗಬೇಕಾದ ಮೇಸ್ತ್ರಿ ಮರೆಪ್ಪ ಅವಳ ಅಪ್ಪ. ಅವನು ಕಬ್ಬಿಣದ ಸರಳು ಕಟ್ಟಿ, ಕಾಂಕ್ರೀಟು ಸುರಿದು ತೊಲೆ ಎರೆಯುವವನು. ರಾಜರ ಕಾಲಕ್ಕೆ ಕಾಂಕ್ರೀಟು ಎಲ್ಲಿಂದ ಬಂತು ಎಂದು ಕೇಳುವವರು ಕೇಳಲಿ. ಕತೆಯಲ್ಲಿ ಕುದುರೆ ಹಾರಿದಾಗ ಸುಮ್ಮನಿದ್ದವರು ಇದಕ್ಕೂ ಸುಮ್ಮನಿರಬೇಕು. ಮಗಳ ಕೆಲಸ ಎರಡು ಬೆರಳು ದಪ್ಪದ ಸಿಮೆಂಟಿನ ಬಿಲ್ಲೆ ಮಾಡುವುದು. ಅದನ್ನು ಏಳು ದಿನ ನೀರಲ್ಲಿ ನೆನೆಸಿ, ಗಟ್ಟಿಯಾದ ಮೇಲೆ ಸರಳಿನ ಅಡಿಗೆ ಕಟ್ಟುತ್ತಾರೆ. ಆಗ ಸರಳು ಅಚ್ಚಿನ ಹಲಗೆಗೆ ತಾಗದೆ ಮೇಲೆ ನಿಂತು, ಅದರ ಕೆಳಗೂ ಕಾಂಕ್ರೀಟು ತುಂಬಿಕೊಳ್ಳುತ್ತದೆ. ನೋಡಿದವರು ಇದೇನು ಮಕ್ಕಳಾಟ ಎನ್ನುತ್ತಿದ್ದರು.

ಒಗಟಿಗೆ ಮೊದಲು ಬಂದವನು ಅರಮನೆಯ ವಾಸ್ತುಪಂಡಿತ. ದೊರೆ ಕೇಳಿದ: "ಎಣ್ಣೆಯ ಕೊಪ್ಪರಿಗೆ ಉರುಳಿ ಶಾಲೆ ಹೊತ್ತಿದಾಗ ತೊಲೆಗಳು ಪಟಪಟ ಸಿಡಿದು ಚಕ್ಕೆ ಹಾರಿಸಿದವು. ಹೊರಗಿನಿಂದ ಯಾರೂ ಹೊಡೆಯಲಿಲ್ಲ. ಒಳಗೆ ಕೂತು ಹೊಡೆದವನು ಯಾರು?" ಪಂಡಿತ ಅಗ್ನಿದೇವ ಎಂದ. ತೋರಿಸು ಅಂದರೆ ಶ್ಲೋಕ ಹೇಳಿದ. ತಲೆ ಹೋಯಿತು. ದಂಡನಾಯಕ ಎದ್ದು, ಶತ್ರುಗಳು ತೊಲೆಯೊಳಗೆ ಮದ್ದು ಇಟ್ಟಿದ್ದರು ಎಂದ. ಅಗೆದರು, ಬಗೆದರು, ಮದ್ದಿನ ವಾಸನೆಯೂ ಇಲ್ಲ. ಅವನ ತಲೆಯೂ ಹೋಯಿತು. ಆಮೇಲೆ ಯಾರೂ ಮುಂದೆ ಬರಲಿಲ್ಲ, ಅಮಾವಾಸ್ಯೆಗೆ ಒಂದೇ ದಿನ ಉಳಿಯಿತು.

ಹುಲಿಗೆವ್ವ ಮಡಿಲಲ್ಲಿ ಎರಡು ಬಿಲ್ಲೆ ಕಟ್ಟಿಕೊಂಡು, ಸುಟ್ಟ ಶಾಲೆಯ ಅಂಗಳದಲ್ಲಿ ನೆರೆದಿದ್ದ ಓಲಗಕ್ಕೆ ಬಂದಳು. ಒಂದು ಒಣಗಿದ್ದು, ಇನ್ನೊಂದು ಆಗಷ್ಟೇ ತೊಟ್ಟಿಯಿಂದ ತೆಗೆದದ್ದು. ಎರಡನ್ನೂ ಕೆಂಡದಲ್ಲಿಟ್ಟು ಎಲ್ಲರನ್ನೂ ಹಿಂದೆ ಸರಿಯಲು ಹೇಳಿದಳು. ಸ್ವಲ್ಪ ಹೊತ್ತಿಗೆ ಹಸಿಯದು ಢಬ್ ಎಂದು ಸಿಡಿಯಿತು. ಒಣಗಿದ್ದು ಸುಮ್ಮನಿತ್ತು.

"ಹೊಡದದ್ದು ನೀರು, ದೊರಿ," ಎಂದಳು. ತೊಲೆ ಹೊರಗೆ ಒಣಗಿದಂತೆ ಕಂಡರೂ ಒಳಗೆ ತೇವ ಇರುತ್ತದೆ. ಬಾಯಿ ಬಿಗಿದ ಕೊಡವನ್ನು ಒಲೆಯ ಮೇಲಿಟ್ಟ ಹಾಗೆ ಅದು ಆವಿಯಾಗಿ, ದಾರಿ ಸಿಗದೆ ಒಡೆದುಕೊಂಡು ಬರುತ್ತದೆ ಎಂದು ವಿವರಿಸಿದಳು. ದೊರೆ ತಲೆಯಾಡಿಸಿದ.

"ಎರಡನೆಯದು. ಒಂದೇ ಕೈ, ಒಂದೇ ಹದ, ಒಂದೇ ಬೆಂಕಿ. ಹನ್ನೊಂದು ತೊಲೆ ನಿಂತವು, ಹನ್ನೆರಡನೆಯದು ಬಿತ್ತು. ಯಾಕೆ?"

ತೊಲೆ ಬಿದ್ದಂದಿನಿಂದ ಹುಲಿಗೆವ್ವ ಯಾರಿಗೂ ಹೇಳದೆ ಇಟ್ಟುಕೊಂಡಿದ್ದ ಮಾತೇ ಅದು. ಹೇಳಿದರೆ ಅಪ್ಪನ ಕೊರಳಿಗೆ ತಾನೇ ಹಗ್ಗ ಹಾಕಿದಂತೆ; ಹೇಳದಿದ್ದರೆ ಅವನ ಜೊತೆಗೆ ತಾನೂ. ಅತ್ತ ದರಿ, ಇತ್ತ ಪುಲಿ. ಬೇಡಿ ಹಾಕಿ ನಿಲ್ಲಿಸಿದ್ದ ಮರೆಪ್ಪನ ಕಡೆ ನೋಡಿದಳು. ಅವನು ಮೆಲ್ಲಗೆ, "ಹೇಳವ್ವ," ಎಂದ.

"ಕಬ್ಬಿಣ ಎಷ್ಟು ಗಟ್ಟಿ ಇದ್ದರೂ ಕಾದರ ಮೆತ್ತಗಾಗತೈತ್ರಿ. ಅದಕ್ಕ ಕಾಂಕ್ರೀಟಿನ ಕೌದಿ ಹೊಚ್ಚಿರತೀವಿ. ಹನ್ನೊಂದಕ್ಕ ಎರಡು ಬೆರಳ ಕೌದಿ ಐತಿ. ಹನ್ನೆರಡನೇದಕ್ಕ ಬಿಲ್ಲಿ ಕಟ್ಟಲಿಲ್ರಿ, ಸರಳು ಹಲಗಿ ಮ್ಯಾಲೆ ಕೂತಬಿಡ್ತು."

ಆಳುಗಳು ಸುತ್ತಿಗೆ ತಂದು ಒಡೆದು ನೋಡಿದರು. ಅವಳು ಹೇಳಿದ ಹಾಗೇ ಇತ್ತು. ಬಿದ್ದ ತೊಲೆಯ ಸರಳಿನ ಅಡಿಗೆ ಉಗುರಿನಷ್ಟೂ ಕಾಂಕ್ರೀಟು ಇರಲಿಲ್ಲ. ಓಲಗದಲ್ಲಿ ಗುಸುಗುಸು ಎದ್ದಿತು. ಯಾಕೆ ಕಟ್ಟಲಿಲ್ಲ ಎಂದು ದೊರೆ ಕೇಳಿದ.

"ಬಿಲ್ಲಿ ನೀರಾಗ ಇದ್ದವು, ಮೂರೇ ದಿನ ಆಗಿತ್ತು. ಯುವರಾಜರ ಪಟ್ಟದ ಮುಹೂರ್ತ ಬಂತು, ನಾಳೆನೇ ಎರೀರಿ ಅಂತ ಅರಮನಿಯಿಂದ ಹೇಳಿ ಕಳಿಸಿದ್ರಿ. ಅಪ್ಪ ಅಂಜಿದ. ಇನ್ನ ನಾಕು ದಿನ ತಡೀರಿ ಅನ್ನೋದು ನನ್ನ ಬಾಯಾಗೂ ಬರಲಿಲ್ಲ."

ಸಿಂಹಾಸನದ ಪಕ್ಕದಲ್ಲಿ, ಮಗನನ್ನು ಕೊಂದ ತೊಲೆಯ ಒಂದು ತುಂಡನ್ನು ದೊರೆ ಬಟ್ಟೆಯ ಮೇಲೆ ಇಡಿಸಿಕೊಂಡಿದ್ದ. ಅದನ್ನೇ ನೋಡುತ್ತ ಕೊನೆಯದನ್ನು ಕೇಳಿದ. ದನಿ ಇಳಿದಿತ್ತು.

"ಬೆಂಕಿ ಆರಿ ಮೂರು ದಿನವಾಗಿತ್ತು. ತೊಲೆ ನಿಂತೇ ಇತ್ತು, ಕಂಬ ಮುಟ್ಟಿದರೆ ತಣ್ಣಗಿತ್ತು. ಹಾಗಾದರೆ ನನ್ನ ಮಗನನ್ನು ಕೊಂದದ್ದು ಯಾವುದು?"

"ತಂಪು, ದೊರಿ. ಕಾದಾಗ ಹಿಗ್ಗಿದ್ದು ಆರುವಾಗ ಕುಗ್ಗತೈತಿ, ಕುಗ್ಗುವಾಗ ಸೀಳತೈತಿ. ಒಳಗಿನ ಸುಣ್ಣ ಸುಟ್ಟಿರತೈತಿ, ಗಾಳಿಯ ತೇವ ಕುಡದು ಅರಳಿ ಪುಡಿ ಆಗತೈತಿ. ಬೆಂಕಿಗೆ ನಿಂತದ್ದು ತಂಪಿಗೆ ಬೀಳತೈತಿ. ನಿಮ್ಮ ಬಗಲಾಗಿನ ತುಂಡು ನೋಡ್ರಿ. ತಂದಾಗ ಕಲ್ಲಿನಂಗ ಇತ್ತಲ್ಲ?"

ದೊರೆ ಅದನ್ನು ಎತ್ತಲು ಹೋದ. ಅಂದಿನಿಂದ ಯಾರೂ ಮುಟ್ಟದೆ ಕೂತಿದ್ದ ತುಂಡು ಅವನ ಬೆರಳ ಸಂದಿಯಲ್ಲಿ ಪುಡಿಪುಡಿಯಾಗಿ ಉದುರಿತು.

"ಮುಟ್ಟಿ ನೋಡಿದವನು ನಾನೇ," ಎಂದ ದೊರೆ. "ತಣ್ಣಗಾಗಿದೆ, ಹೋಗಿ ನಿನ್ನ ಪಟ್ಟದ ಕತ್ತಿ ತಗೊಂಡು ಬಾ ಎಂದು ಅವನನ್ನು ಒಳಗೆ ಕಳಿಸಿದವನೂ ನಾನೇ."

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರಂತೆ. ತನ್ನ ಸಂಕಟಕ್ಕೆ ಇನ್ನೊಬ್ಬರ ಕೊರಳು ಹುಡುಕುತ್ತಿದ್ದ ದೊರೆ ಅಂದು ಎಲ್ಲರೆದುರು ಅತ್ತ. ಹುಲಿಗೆವ್ವನಿಗೆ ಅವನ ಮೇಲೆ ಸಿಟ್ಟೂ ಬಂತು, ಪಾಪವೂ ಅನಿಸಿತು. ಏನು ಬೇಕು ಎಂದು ಕೇಳಿದಾಗ ಅಪ್ಪನನ್ನು ಬೇಡಿದಳು. ನಿಂತ ಹನ್ನೊಂದು ತೊಲೆಗಳನ್ನೂ ನಂಬಬೇಡಿ, ಯಾರನ್ನೂ ಅಡಿಗೆ ಬಿಡದೆ ಇಳಿಸಿಬಿಡಿ ಎಂದೂ ಕೇಳಿಕೊಂಡಳು. ದೊರೆ ಎರಡನ್ನೂ ಕೊಟ್ಟ. ಅವಳು ಆಗಲಿ ಅನ್ನುವ ತನಕ ರಾಜ್ಯದಲ್ಲಿ ಯಾರೂ ತೊಲೆ ಎರೆಯಬಾರದು ಎಂದು ಅಪ್ಪಣೆಯನ್ನೂ ಮಾಡಿದ. ಹೋದ ಎರಡು ತಲೆಗಳು ಮಾತ್ರ ತಿರುಗಿ ಬರಲಿಲ್ಲ. ಮರೆಪ್ಪ ಮನೆಗೆ ಬಂದ, ಆದರೆ ಮತ್ತೆ ಸರಳು ಮುಟ್ಟಲಿಲ್ಲ.

ಹೊಸ ಓಲಗಶಾಲೆಗೆ ಅಡಿಪಾಯ ಬಿತ್ತು. ಒಂದು ಬೆಳಿಗ್ಗೆ ದೊರೆ ಒಬ್ಬನೇ ತೊಟ್ಟಿಯ ಹತ್ತಿರ ಬಂದು, ಬಿಲ್ಲೆ ಆದವೇ ಎಂದು ಕೇಳಿದ.

"ಇನ್ನೊಂದು ದಿನ ಬೇಕ್ರಿ," ಎಂದಳು ಹುಲಿಗೆವ್ವ.

ದೊರೆ ತೊಟ್ಟಿಯ ಕಟ್ಟೆಯ ಮೇಲೆ ಕೂತು ಕಾದ.