ಜಿಂಕೆಯ ಮೈಮೇಲೆ ಚುಕ್ಕೆ ಮೂಡಿದ್ದು

ಹೊಳೆಗಳು ಇನ್ನೂ ತಮ್ಮ ದಾರಿ ಹುಡುಕುತ್ತಿದ್ದ ಕಾಲ. ಆಗ ಜಿಂಕೆಯ ಮೈ ಬರೀ ಕಂದು. ಒಂದು ಚುಕ್ಕೆಯೂ ಇರಲಿಲ್ಲ.

ಪ್ರತಿ ಪ್ರಾಣಿಯ ಮೂಳೆಯೊಳಗೂ ಕಾವಲುಗಾರರು ಹುಟ್ಟುತ್ತಿದ್ದರು. ಕಣ್ಣಿಗೆ ಕಾಣದಷ್ಟು ಸಣ್ಣವರು. ಅವರು ಕಲಿತದ್ದು ಒಂದೇ ಪಾಠ: ಹುಟ್ಟಿದ ಮನೆಯ ವಾಸನೆ ಇಲ್ಲದವನು ಕಳ್ಳ.

ಒಮ್ಮೆ ತಂಗಿ ಜಿಂಕೆಯ ಮೂಳೆ ಬರಿದಾಯಿತು. ಅವಳ ಕಾವಲುಗಾರರೆಲ್ಲ ಸತ್ತರು. ಅಕ್ಕ ಜಿಂಕೆ ಗಾಳಿಯನ್ನು ಕರೆದಳು.

"ಗಾಳಿಯಣ್ಣ, ನನ್ನ ಮೂಳೆಯಿಂದ ಒಂದು ಹಿಡಿ ಮಜ್ಜೆ, ಕಾವಲುಗಾರರ ಸಮೇತ, ತಗೊಂಡು ಅವಳಿಗೆ ಕೊಡು."

"ನಿನ್ನ ಮಂದಿ ಅವಳ ಮನೆಗೆ ಹೊಂದಿಕೊಳ್ತಾರಾ?" ಗಾಳಿಗೆ ಅನುಮಾನ.

"ಹೊಂದಿಕೊಳ್ಳದೆ ಏನು? ಒಂದೇ ತಾಯಿಯ ಮಕ್ಕಳು ನಾವು."

ಹಾಗೆ ಬಂದ ಕಾವಲುಗಾರರಲ್ಲಿ ಬಿರುಸನೂ ಒಬ್ಬ. ಬಂದವನೇ ಮೂಗು ಅರಳಿಸಿದ. ಚರ್ಮ ಮೂಸಿದ, ಬೇರೆ ವಾಸನೆ. ಕರುಳು ಮೂಸಿದ, ಬೇರೆ ವಾಸನೆ. ಮನೆಗೆ ಮನೆಯೇ ಕಳ್ಳರ ಪಾಲಾಗಿದೆ!

ಗಂಜಿ ಕುಡಿದೇ ಈಟಿ ಎತ್ತುವುದು ಕಾವಲುಗಾರರ ರೂಢಿ. ಬಿರುಸ ಗಟಗಟ ಕುಡಿದ, ಚರ್ಮಕ್ಕೆ ತಿವಿದ. ಎಲ್ಲರೂ ಕುಡಿದರು, ಎಲ್ಲರೂ ತಿವಿದರು. ತಿವಿದಲ್ಲೆಲ್ಲ ಕಂದು ಸತ್ತು ಬೆಳ್ಳಗಾಯಿತು. ತಂಗಿ ಜಿಂಕೆ ಹುಲ್ಲು ಬಿಟ್ಟಳು, ನೀರು ಬಿಟ್ಟಳು, ಹೊಳೆಯ ದಂಡೆಯಲ್ಲಿ ಬಿದ್ದುಬಿಟ್ಟಳು.

"ಏಳು ಮಗಳೇ," ಎಂದಿತು ಹೊಳೆ.

ಅವಳು ಏಳಲಿಲ್ಲ.

ಮರುದಿನ ಗಂಜಿಯ ಗಡಿಗೆ ಖಾಲಿ. ಪಕ್ಕದಲ್ಲೇ ತಣ್ಣವ್ವ ಬಾಯಿ ಒರೆಸಿಕೊಳ್ಳುತ್ತಿದ್ದಳು. ಅವಳೂ ಅಕ್ಕನ ಮೂಳೆಯಿಂದಲೇ ಬಂದವಳು. ಆದರೆ ಎಂದೂ ಈಟಿ ಹಿಡಿದವಳಲ್ಲ.

"ಏಯ್ ಮುದುಕಿ!" ಬಿರುಸ ಗದರಿದ. "ನಮ್ಮ ಗಂಜಿನೆಲ್ಲ ನೀನೇ ಕುಡಿದೆಯಾ? ನೀನೂ ಕಳ್ಳರ ಕಡೆಯವಳಾ?"

"ಕುಡಿದೆ ಕಣಪ್ಪ. ಹೊಟ್ಟೆ ತುಂಬಿದ್ದಾಗ ನಿನ್ನ ಕಿವಿಗೆ ಮಾತು ಇಳಿಯಲ್ಲ. ಈಗ ಹೇಳು, ಈ ಮನೆ ಬಿದ್ದರೆ ನೀನೆಲ್ಲಿರ್ತೀಯ?"

ಬಿರುಸ ಅವಳನ್ನೇ ಮೂಸಿದ. ಹುಟ್ಟಿದ ಮನೆಯದೇ ವಾಸನೆ. ಆದರೂ ನಂಬಿಕೆ ಬರಲಿಲ್ಲ.

"ನಿಜವಾದ ಕಳ್ಳ ಬಂದರೆ?"

"ಆಗ ನಿನ್ನ ಪಾಲಿನ ಗಂಜಿ ನಿನಗೆ ಬಿಡ್ತೀನಿ. ಈಗ ಕೂತ್ಕೋ."

ಈಟಿ ಎತ್ತಲು ತ್ರಾಣವಿರಲಿಲ್ಲ. ಬಿರುಸ ಕೂತ. ಕಣ್ಣು ಮಾತ್ರ ಚರ್ಮದ ಮೇಲೇ ಇತ್ತು. ಅನುಮಾನ ಹೋಗಲಿಲ್ಲ, ಈಟಿ ಇಳಿಯಿತು. ಉಳಿದವರದೂ ಇಳಿಯಿತು.

ಮೂರನೇ ದಿನ ತಂಗಿ ಜಿಂಕೆ ತಡವರಿಸುತ್ತ ಎದ್ದು ನೀರಿಗೆ ಬಾಯಿ ಹಚ್ಚಿದಳು. ಹೋದ ಬಣ್ಣ ಮರಳಲಿಲ್ಲ. ಅವಳ ಮರಿಗಳೂ ಅದೇ ಗುರುತು ಹೊತ್ತು ಹುಟ್ಟಿದವು.

ಅದಕ್ಕೇ ಮಗು, ಇವತ್ತು ಮೇಯುವ ಜಿಂಕೆಯ ಬೆನ್ನ ಮೇಲೆ ನೀನು ಕಾಣುವ ಒಂದೊಂದು ಬಿಳಿ ಚುಕ್ಕೆಯೂ, ತಣ್ಣವ್ವ ಗಂಜಿ ಕುಡಿಯುವ ಮೊದಲು ಬಿದ್ದ ಒಂದೊಂದು ತಿವಿತ.