ಕೊಳ್ಳುತ್ತೇನೆ ಎಂದವಳು

ಹಿರಿಯ ಶಿಷ್ಯ ಬಂದು ಗುರುಗಳನ್ನು ಕೇಳಿದ.

"ಗುರುಗಳೇ, ಹೊಸದಾಗಿ ಬಂದಿರುವ ಆ ಕಂಬಾರನ ಉಚ್ಚಾರ ಶುದ್ಧವಿಲ್ಲ. ಎರಡು ತಿಂಗಳು ತಿದ್ದಿ ನೋಡಿದೆ. ಪಠಣಕ್ಕೆ ಕುಳಿತು ಅವನು ಬಾಯಿ ತೆರೆದರೆ ಊರವರು ಮುಸಿಮುಸಿ ನಗುತ್ತಾರೆ. ಅವನನ್ನು ಪಠಣದ ಸಾಲಿನಿಂದ ಎಬ್ಬಿಸಿ ಅಡುಗೆಮನೆಯ ಕೆಲಸಕ್ಕೆ ಹಾಕಲೇ?"

ಗುರುಗಳು ಅವನಿಗೆ ಕೂರಲು ಹೇಳಿದರು. ಆಮೇಲೆ ಈ ಕತೆ ಹೇಳಿದರು.

ಬಡಗಣ ನಾಡಿನಲ್ಲಿ ಒಬ್ಬ ಗಾಣಿಗಿತ್ತಿ ಇದ್ದಳು. ಅಲ್ಲಿ ದಂಗೆಯೆದ್ದು ಅವಳ ಗಂಡ ಸತ್ತ. ಅವಳು ನಾಲ್ಕು ವರ್ಷದ ಮಗಳನ್ನು ಎತ್ತಿಕೊಂಡು, ಹೊಳೆ ದಾಟಿ, ತೆಂಕಣದ ಒಂದು ಪೇಟೆಗೆ ಬಂದಳು. ಪೇಟೆಯ ಅಂಚಿನಲ್ಲಿ ಒಂದು ಗಾಣ ಪಾಳುಬಿದ್ದಿತ್ತು. ಅದನ್ನು ಸರಿಪಡಿಸಿಕೊಂಡು, ಎಳ್ಳು ಕುಸುಬೆ ಅರೆದು ಜೀವನ ಮಾಡಿದಳು. ಅವಳ ಎಣ್ಣೆಯಲ್ಲಿ ಕಲಬೆರಕೆ ಇರಲಿಲ್ಲ. ಹಾಗಾಗಿ ಪೇಟೆಯವರೆಲ್ಲ ಅವಳಲ್ಲಿಗೇ ಬರುತ್ತಿದ್ದರು.

ಆದರೆ ಅವಳ ನಾಡಿನ ನುಡಿಯಲ್ಲಿ ಳಕಾರವಿರಲಿಲ್ಲ. ಎಷ್ಟು ಪ್ರಯತ್ನಿಸಿದರೂ ಅವಳ ನಾಲಿಗೆ ಹಾಗೆ ಮಡಚಿಕೊಳ್ಳುತ್ತಿರಲಿಲ್ಲ. ಅಂಗಡಿಗೆ ಹೋಗಿ ಹುಳಿ ಕೇಳಿದರೆ ಬಾಯಿಂದ 'ಹುಲಿ' ಬರುತ್ತಿತ್ತು. "ಹುಲಿ ಕಾಡಿಗೆ ಹೋಗಿದೆ, ಸಂಜೆ ಬಾ" ಎಂದು ಅಂಗಡಿಯವನು ಹೇಳುತ್ತಿದ್ದ. ಸುತ್ತಲಿನವರು ನಗುತ್ತಿದ್ದರು. ಮೊದಮೊದಲು ಅವಳೂ ಅವರೊಂದಿಗೆ ನಕ್ಕಳು. ಅದು ಪ್ರೀತಿಯ ನಗೆ ಎಂದುಕೊಂಡಿದ್ದಳು. ಅವಳಿಗಿಂತ ಚಿಕ್ಕವರೂ ಅವಳನ್ನು 'ಏನೇ' ಎಂದೇ ಕರೆಯುತ್ತಿದ್ದರು. ಕಿವುಡಿಗೆ ಹೇಳುವಂತೆ ಜೋರಾಗಿ ಮಾತಾಡುತ್ತಿದ್ದರು.

ಮಗಳು ಚಂಪಾ ಇದನ್ನೆಲ್ಲ ನೋಡುತ್ತ ಬೆಳೆದಳು. ಎಂಟನೆಯ ವಯಸ್ಸಿನಲ್ಲಿ ಅವಳು ಒಬ್ಬಳೇ ಬಾವಿಕಟ್ಟೆಯ ಹಿಂದೆ ಕುಳಿತು ಆ ಒಂದು ಅಕ್ಷರವನ್ನು ಅಭ್ಯಾಸ ಮಾಡಿದಳು. ಬಳೆ, ಬಳೆ, ಬಳೆ ಎಂದು ಒಂದು ಮಳೆಗಾಲವಿಡೀ ಹೇಳಿಕೊಂಡಳು. ಕೊನೆಗೆ ನಾಲಿಗೆ ಒಲಿಯಿತು. ಅಂದಿನಿಂದ ಪೇಟೆಯವರು ಅವಳನ್ನು 'ಬಾರಮ್ಮ, ಕೂರಮ್ಮ' ಎನ್ನತೊಡಗಿದರು. ಚಂಪಾ ಎಂಬ ಹೆಸರೂ ಸಂಪಿಗೆಯಾಯಿತು. ಹೊರಗಿನ ಮಾತೆಲ್ಲ ಅವಳ ಪಾಲಿಗೆ ಬಂತು. ಯಾರಾದರೂ ತಾಯಿಯನ್ನು ಏನಾದರೂ ಕೇಳಿದರೆ, "ಅವ್ವಾ, ನೀನು ಸುಮ್ಮನಿರು, ನಾನು ಹೇಳುತ್ತೇನೆ" ಎಂದು ಮುಂದೆ ಬರುತ್ತಿದ್ದಳು. ಮನೆಯಲ್ಲಿ ತಾಯಿ ತನ್ನ ನುಡಿಯಲ್ಲಿ ಮಾತಾಡಿದರೆ ಮಗಳು ಪೇಟೆಯ ನುಡಿಯಲ್ಲಿ ಉತ್ತರ ಕೊಡುತ್ತಿದ್ದಳು. ಬರಬರುತ್ತ ತಾಯಿಯ ಮಾತು ಕಡಿಮೆಯಾಯಿತು. ಅವಳು ಹೆಚ್ಚಾಗಿ ಗಾಣದ ಎತ್ತಿನೊಂದಿಗೇ ಮಾತಾಡುತ್ತಿದ್ದಳು.

ಸಂಪಿಗೆಗೆ ಹದಿನೆಂಟು ತುಂಬಿತು. ಬಳೆಗಾರರ ಮನೆಯವರು ಅವಳನ್ನು ತಮ್ಮ ಮಗನಿಗೆ ಕೇಳಿದರು. ಬಳೆಗಾರನ ಹೆಂಡತಿ ಒಳ್ಳೆಯ ಮಾತಿನವಳು. ಹುಡುಗಿಯನ್ನು ಹತ್ತಿರ ಕೂರಿಸಿಕೊಂಡು ಮೆಲ್ಲಗೆ ಹೇಳಿದಳು: "ಮದುವೆಯ ದಿನ ನಿಮ್ಮ ತಾಯಿ ಒಳಮನೆಯಲ್ಲಿ ಇರಲಿ ಮಗಳೇ. ಬೇರೆ ಊರಿನ ನೆಂಟರು ಬರುತ್ತಾರೆ. ಅವರು ನಕ್ಕರೆ ನಿನಗೇ ನೋವಾಗುತ್ತದೆ."

ಸಂಪಿಗೆ ಒಪ್ಪಿದಳು. ಅದನ್ನು ತಾಯಿಗೆ ಹೇಗೆ ಹೇಳುವುದೆಂದು ತಿಳಿಯದೆ ದಿನ ತಳ್ಳಿದಳು.

ಆ ತಿಂಗಳು ಗಾಣದ ಎತ್ತು ಮುಪ್ಪಿನಿಂದ ಸತ್ತಿತು. ಪಕ್ಕದ ಹೊಲದ ರೈತನಲ್ಲಿ ಒಂದು ಒಳ್ಳೆಯ ಬಿಳಿ ಎತ್ತು ಇತ್ತು. ಅದರ ಜೋಡಿಯೆತ್ತು ಹಿಂದಿನ ವರ್ಷವೇ ತೀರಿಹೋಗಿತ್ತು. ಮಗಳು ಬಳೆಗಾರರ ಮನೆಗೆ ಹೋಗಿದ್ದ ಹೊತ್ತಿನಲ್ಲಿ ತಾಯಿ ತಾನೇ ಹೋಗಿ ರೈತನನ್ನು ಕೇಳಿದಳು. ರೈತ ಆಗುವುದಿಲ್ಲ ಎಂದ. ಅವಳು ಬಿಡಲಿಲ್ಲ.

"ಈ ಎತ್ತನ್ನು ಬಿಡುವುದಿಲ್ಲ ಗೌಡರೇ. ಇವತ್ತಲ್ಲದಿದ್ದರೆ ನಾಲೆ ಬಂದು ಕೊಲ್ಲುತ್ತೇನೆ" ಎಂದಳು.

ಅವಳು ಹೇಳಿದ್ದು ಕೊಳ್ಳುತ್ತೇನೆ ಎಂದು. ರೈತನಿಗೂ ಅದು ತಿಳಿಯಿತು. ಕಣದಲ್ಲಿದ್ದ ಆಳುಗಳಿಗೂ ತಿಳಿಯಿತು. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು.

ಮೂರನೆಯ ದಿನ ಬೆಳಿಗ್ಗೆ ರೈತ ಕೊಟ್ಟಿಗೆಗೆ ಹೋದಾಗ ಎತ್ತು ಬಾಯಲ್ಲಿ ನೊರೆ ಬಂದು ಸತ್ತು ಬಿದ್ದಿತ್ತು. ಅವನು ಎದೆ ಬಡಿದುಕೊಂಡು ಅತ್ತ. ಅಳು ನಿಂತ ಮೇಲೆ ಅವನಿಗೆ ಗಾಣಿಗಿತ್ತಿಯ ಮಾತು ನೆನಪಾಯಿತು. ನಗುವಾಗ ಅರ್ಥವಾಗಿದ್ದ ಮಾತು ಸಿಟ್ಟಿನಲ್ಲಿ ಬೇರೆಯಾಗಿ ಕೇಳಿಸಿತು. ಆಳುಗಳೂ ಹೌದು, ಕೊಲ್ಲುತ್ತೇನೆ ಎಂದದ್ದನ್ನು ನಾವೂ ಕೇಳಿದ್ದೇವೆ ಎಂದರು. ಪೇಟೆಯೆಲ್ಲ ನ್ಯಾಯದ ಕಟ್ಟೆಯ ಸುತ್ತ ಸೇರಿತು.

ಪೇಟೆಯ ಯಜಮಾನರು ಗಾಣಿಗಿತ್ತಿಯನ್ನು ನಡುವೆ ನಿಲ್ಲಿಸಿ ಕೇಳಿದರು: "ಈ ಎತ್ತನ್ನು ಕೊಲ್ಲುತ್ತೇನೆ ಎಂದದ್ದು ನಿಜವೇ?"

ಅವಳ ಕಿವಿಗೆ ಕೊಳ್ಳುವುದು, ಕೊಲ್ಲುವುದು ಎರಡು ಮಾತೂ ಒಂದೇ. ಅವಳು ತಲೆಯಾಡಿಸಿದಳು.

"ನಿಜ ಒಡೆಯರೇ. ಮೂರು ಸಲ ಹೇಲಿದೆ, ಕೊಲ್ಲುತ್ತೇನೆ ಎಂದು. ಬದುಕಿದ್ದರೆ ಈಗಲೂ ಕೊಲ್ಲುತ್ತಿದ್ದೆ."

ಜನ ಹೋ ಎಂದು ಎದ್ದರು. ಯಾರೋ ಕಲ್ಲು ಎತ್ತಿಕೊಂಡರು. ಸೂರ್ಯ ಮುಳುಗುವುದರೊಳಗೆ ಇವಳು ಪೇಟೆ ಬಿಡಬೇಕು ಎಂದು ಯಜಮಾನರು ಹೇಳಿದರು. ಏಕೆ ಕೂಗುತ್ತಿದ್ದಾರೆಂದು ತಿಳಿಯದೆ ಗಾಣಿಗಿತ್ತಿ ಗುಂಪಿನಲ್ಲಿ ಮಗಳನ್ನು ಹುಡುಕಿದಳು.

ಸಂಪಿಗೆ ಬಳೆಗಾರನ ಹೆಂಡತಿಯ ಪಕ್ಕದಲ್ಲಿ ನಿಂತಿದ್ದಳು. ಆಕೆ ಹುಡುಗಿಯ ಮುಂಗೈ ಹಿಡಿದಿದ್ದಳು. "ಹೋಗಬೇಡ ಮಗಳೇ. ನೀನು ಈಗ ನಮ್ಮವಳು" ಎಂದಳು. ಆ ಮಾತಿನಲ್ಲಿ ಕೆಡುಕಿರಲಿಲ್ಲ. ಹುಡುಗಿಯ ಕಾಲು ಒಂದು ಗಳಿಗೆ ನೆಲಕ್ಕೆ ಅಂಟಿತು. ಆಮೇಲೆ ಅವಳು ಕೈ ಬಿಡಿಸಿಕೊಂಡು ನಡುವೆ ಬಂದಳು.

"ಒಡೆಯರೇ, ನಮ್ಮವ್ವ ಹೇಳಿದ್ದು ಕೊಳ್ಳುತ್ತೇನೆ ಎಂದು. ನಮ್ಮ ನಾಡಿನವರ ನಾಲಿಗೆಗೆ ಆ ಅಕ್ಷರ ಬರುವುದಿಲ್ಲ."

ಯಜಮಾನರು ಅವಳನ್ನು ಮೇಲಿಂದ ಕೆಳಗೆ ನೋಡಿದರು. "ನೀನೂ ಅದೇ ನಾಡಿನವಳಲ್ಲವೇ? ನಿನಗೆ ಸರಿಯಾಗಿಯೇ ಬರುತ್ತದಲ್ಲ! ತಾಯಿಯನ್ನು ಉಳಿಸಲು ಕತೆ ಕಟ್ಟಬೇಡ."

ಇಷ್ಟು ವರ್ಷ ಸಂಪಿಗೆಯನ್ನು ಕಾಪಾಡಿದ ಅಕ್ಷರವೇ ಈಗ ತಾಯಿಗೆ ಎದುರು ಸಾಕ್ಷಿಯಾಗಿ ನಿಂತಿತ್ತು. ಅವಳು ತಾಯಿಯ ಕಡೆ ತಿರುಗಿದಳು. ಹತ್ತು ವರ್ಷದಿಂದ ಬೀದಿಯಲ್ಲಿ ಆಡದ ನುಡಿಯಲ್ಲಿ, ಎಲ್ಲರೆದುರು, "ಮಾಯಿ" ಎಂದು ಕರೆದಳು. ನಾನು ಕೇಳಿದ್ದಕ್ಕೆ ಇವರ ನುಡಿಯಲ್ಲಿ ಉತ್ತರ ಕೊಡು ಎಂದಳು. ಕೈ ಎತ್ತಿ ಬಳೆ ತೋರಿಸಿದಳು.

"ಇದು ಏನು?"

"ಬಲೆ" ಎಂದಳು ತಾಯಿ.

ಆಕಾಶ ತೋರಿಸಿ, ಅಲ್ಲಿಂದ ಏನು ಬೀಳುತ್ತದೆ ಎಂದು ಕೇಳಿದಳು.

"ಮಲೆ."

"ನಾನು ನಿನಗೆ ಏನಾಗಬೇಕು?"

"ಮಗಲು" ಎಂದಳು ತಾಯಿ. ಅವಳ ಕಣ್ಣಲ್ಲಿ ನೀರು ಬಂತು.

ಗುಂಪಿನಲ್ಲಿ ಯಾರೋ ಅಭ್ಯಾಸಬಲದಿಂದ ನಕ್ಕರು. ಆ ನಗೆ ಅರ್ಧಕ್ಕೇ ನಿಂತಿತು. ಸಂಪಿಗೆ ಅವರ ಕಡೆ ತಿರುಗಿ ಹೇಳಿದಳು: "ಹದಿನಾಲ್ಕು ವರ್ಷದಿಂದ ನೀವು ಈ ಮಾತಿಗೆ ನಕ್ಕಿದ್ದೀರಿ. ಅರ್ಥವಾಗದೆ ನಕ್ಕಿರಾ? ಬಾವಿಕಟ್ಟೆಯ ಹಿಂದೆ ಕುಳಿತು ನಾನು ಈ ಅಕ್ಷರ ಕಲಿತದ್ದು ನಿಮ್ಮ ನಗೆಗೆ ಹೆದರಿ. ಅವಳು ಹೆದರಲಿಲ್ಲ. ಅಷ್ಟೇ ವ್ಯತ್ಯಾಸ."

ಆಗ ರೈತನೇ ಎದ್ದು ನಿಂತ. ಹಿಂದಿನ ಸಂಜೆ ಎತ್ತು ಹಗ್ಗ ಹರಿದುಕೊಂಡು ಕೊಯ್ದ ಹೊಲಕ್ಕೆ ನುಗ್ಗಿತ್ತು, ಜೋಳದ ಎಳೆಯ ಚಿಗುರು ಮೇಯ್ದಿತ್ತು ಎಂದ. ಆ ಚಿಗುರು ದನಕ್ಕೆ ವಿಷವೆಂದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಅವನಿಗೂ ಗೊತ್ತಿತ್ತು. ದೂರಲು ಒಬ್ಬಳು ಸಿಕ್ಕಿದ್ದರಿಂದ ಅವನು ಅದನ್ನು ಯೋಚಿಸಿರಲಿಲ್ಲ. ಅವನು ಗಾಣಿಗಿತ್ತಿಯ ಮುಂದೆ ಕೈಮುಗಿದ. ಅವಳಿಗೆ ಆಗಲೂ ಪೂರ್ತಿ ಅರ್ಥವಾಗಿರಲಿಲ್ಲ. ಮಗಳು ಅವಳ ನುಡಿಯಲ್ಲಿ ಮೆಲ್ಲಗೆ ಬಿಡಿಸಿ ಹೇಳಿದಳು. ತನ್ನ ಬಾಯಿಂದ ಇಷ್ಟು ದಿನ ಎಂಥ ಮಾತು ಬರುತ್ತಿತ್ತೆಂದು ತಿಳಿದು ಗಾಣಿಗಿತ್ತಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಮಗಳು ಆ ಸೆರಗನ್ನು ಸರಿಸಿದಳು.

ಬಳೆಗಾರರ ಮನೆಯ ಸಂಬಂಧ ಮುರಿಯಿತು. ಸಂಪಿಗೆ ಅದಕ್ಕಾಗಿ ಅತ್ತದ್ದೂ ನಿಜ. ಕೆಲವರು ಆಮೇಲೂ ನಕ್ಕರು. ಆದರೆ ಸಂತೆಗೆ ಹೋದಾಗ ಅವಳು ತಾಯಿಗಿಂತ ಒಂದು ಹೆಜ್ಜೆ ಹಿಂದೆ ನಿಲ್ಲುವುದನ್ನು ಕಲಿತಳು. ತಾಯಿಯ ಮಾತು ಮುಗಿಯುವ ತನಕ ಬಾಯಿ ಹಾಕುತ್ತಿರಲಿಲ್ಲ. ಯಾರಾದರೂ ಹೆಸರು ಕೇಳಿದರೆ ಚಂಪಾ ಎನ್ನುತ್ತಿದ್ದಳು.

ಗುರುಗಳು ಕತೆ ನಿಲ್ಲಿಸಿದರು.

ಶಿಷ್ಯ ಸ್ವಲ್ಪ ಯೋಚಿಸಿ ಹೇಳಿದ: "ಆ ಮಗಳದ್ದು ದೊಡ್ಡ ಮನಸ್ಸು ಗುರುಗಳೇ. ಆದರೆ ಪಠಣವೆಂದರೆ ಸಂತೆಯ ಮಾತಲ್ಲ. ಆ ಕಂಬಾರನ ವಿಷಯದಲ್ಲಿ ನಾನೇನು ಮಾಡಲಿ?"

ಗುರುಗಳು ಅವನ ಮುಖ ನೋಡಿ ಹೇಳಿದರು: "ಹನ್ನೆರಡು ವರ್ಷದ ಹಿಂದೆ ನೀನು ನಿನ್ನ ನಾಡು ಬಿಟ್ಟು ಬಂದು, ಈ ಬಾಗಿಲಲ್ಲಿ ನಿಂತು ನನ್ನನ್ನು ಕರೆದೆಯಲ್ಲ, ಹಾಗೆಯೇ ಇನ್ನೊಮ್ಮೆ ಕರೆ."

ಶಿಷ್ಯ ತಲೆ ತಗ್ಗಿಸಿ ಕುಳಿತ. ಆಮೇಲೆ ಮೆಲ್ಲಗೆ, "ಗುರುಗಲೇ" ಎಂದು ಕರೆದ.